ನೀರಿಗಿಳಿದ ಫೋರ್‌ವೀಲ್ ಗಾಡಿ ನಡುವೆ ನಿಂತರೆ: ದೋಷ ಎಲ್ಲಿ ಹುಡುಕಬೇಕು, ಮೊದಲೇ ಏನು ಮಾಡಿಕೊಳ್ಳಬೇಕು

ಮಳೆಗಾಲ ಶುರುವಾಯ್ತು ಅಂದರೆ ಮಲೆನಾಡಿನಲ್ಲಿ ಹಳ್ಳ ದಾಟುವುದು ಮೋಜಿನ ಮಾತಲ್ಲ, ದಿನದ ಕೆಲಸ. ಕಳಸ-ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಭದ್ರೆಯಲ್ಲಿ ಮುಳುಗಿದರೆ ಪೇಪರಿನಲ್ಲಿ ಬರುತ್ತದೆ. ಪೇಪರಿಗೆ ಬಾರದ ಸಣ್ಣ ಹಳ್ಳಗಳು ಪ್ರತಿ ಊರಿನಲ್ಲೂ ಇವೆ. ಆಚೆ ದಡದಲ್ಲಿ ತೋಟ, ಈಚೆ ದಡದಲ್ಲಿ ಮನೆ. ಜೀಪು ನೀರಿಗೆ ಇಳಿಯಲೇಬೇಕು.

ಈ ಬರಹ ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಗೆ. ಸ್ನಾರ್ಕೆಲ್ (ಎಂಜಿನ್ನಿಗೆ ಮೇಲಿನಿಂದ ಗಾಳಿ ತರುವ ಎತ್ತರದ ಪೈಪ್) ಇಲ್ಲ, ಎತ್ತರ ಮಾಡಿಸಿಲ್ಲ, ದೊಡ್ಡ ಟೈರ್ ಹಾಕಿಲ್ಲ. ಅಂಥ ಗಾಡಿ ನೀರಿನಲ್ಲಿ ನಿಂತಾಗ ಯಾವ ಕ್ರಮದಲ್ಲಿ ನೋಡಬೇಕು ಅನ್ನುವುದನ್ನು ಮೊದಲು ಹೇಳುತ್ತೇನೆ. ಇಳಿಯುವ ಮುಂಚಿನ ತಯಾರಿ ಆಮೇಲೆ. ಎಲ್ಲಿ ಕೆಡುತ್ತದೆ ಅಂತ ಗೊತ್ತಾದರೆ ಎಲ್ಲಿ ಕೈ ಹಾಕಬೇಕು ಅನ್ನುವುದೂ ತಾನಾಗೇ ಗೊತ್ತಾಗುತ್ತದೆ.

ಎರಡು ವರ್ಷದ ಹಿಂದಿನ ಜುಲೈ. ಮನೆಯ ಹಳೇ ಡೀಸೆಲ್ ಜೀಪು, ಸ್ಟಿಯರಿಂಗ್ ಹಿಡಿದಿದ್ದವರು ನಮ್ಮ ಭಾವ, ನಾನು ಪಕ್ಕದಲ್ಲಿ. ಹಳ್ಳದ ನಡುವಿಗೆ ಬಂದಿದ್ದೆವು. ನೀರು ಮೊಣಕಾಲಿಗಿಂತ ಸ್ವಲ್ಪ ಮೇಲೆ. ಎಂಜಿನ್ ಕೆಮ್ಮಲಿಲ್ಲ, ಎಳೆಯಲಿಲ್ಲ, ಸ್ವಿಚ್ ಆರಿಸಿದ ಹಾಗೆ ಒಂದೇ ಸಲಕ್ಕೆ ಬಂದ್ ಆಯ್ತು. ಭಾವನ ಕೈ ಕೀಗೆ ಹೋಯಿತು. "ಭಾವ, ಸೆಲ್ಫ್ ಹೊಡೀಬೇಡಿ" ಅಂತ ನಾನು ಕೈ ಹಿಡಿದುಬಿಟ್ಟೆ.

ನಿಂತ ಕೂಡಲೇ ಮಾಡಬಾರದ್ದು

ಆ ಕೈ ಹಿಡಿದದ್ದು ಯಾಕೆ ಅಂದರೆ, ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಆಗುವುದಿಲ್ಲ. ಎರಡೂವರೆ ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ ತೆಗೆದುಕೊಳ್ಳಿ. ಒಂದು ಸಿಲಿಂಡರಿಗೆ ಸುಮಾರು 625 ಸಿಸಿ. ಕಂಪ್ರೆಷನ್ 18ಕ್ಕೆ 1 ಅಂತ ಇದ್ದರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಬರೀ 37 ಸಿಸಿ. ಅಂದರೆ ಎರಡೂವರೆ ದೊಡ್ಡ ಚಮಚ. ಅದಕ್ಕಿಂತ ಜಾಸ್ತಿ ನೀರು ಒಳಗಿದ್ದರೆ ಪಿಸ್ಟನ್ ಮೇಲೆ ಬರಲು ಜಾಗವೇ ಇಲ್ಲ. ಎಂಜಿನ್ ನಿಧಾನವಾಗಿದ್ದರೆ ಗಕ್ಕನೆ ನಿಲ್ಲುತ್ತದೆ. ಜೋರಾಗಿ ಓಡುತ್ತಿದ್ದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ಬೆಂಡ್ ಆಗುತ್ತದೆ, ಕೆಲವು ಸಲ ಮುರಿದು ಬ್ಲಾಕನ್ನೇ ತೂತು ಮಾಡುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಮೇಲಿನ ಜಾಗ ಸ್ವಲ್ಪ ಜಾಸ್ತಿ. ಆದರೂ ಕಥೆ ಅದೇ.

ಗಾಡಿ ನಿಂತಾಗ ಅದೃಷ್ಟಕ್ಕೆ ರಾಡ್ ನೆಟ್ಟಗೇ ಉಳಿದಿರಬಹುದು. ಆಗ ಅದನ್ನು ಕೆಡಿಸುವುದು ಎರಡನೇ ಸಲದ ಸೆಲ್ಫ್. ಗೇರ್ ಹಾಕಿ ತಳ್ಳಿ ಸ್ಟಾರ್ಟ್ ಮಾಡುವುದು ಅದಕ್ಕಿಂತ ಕೆಟ್ಟದ್ದು, ಯಾಕೆಂದರೆ ಇಡೀ ಗಾಡಿಯ ಭಾರ ಆ ರಾಡಿನ ಮೇಲೆ ಬೀಳುತ್ತದೆ. ಕೀ ಆಫ್ ಮಾಡಿ. ನ್ಯೂಟ್ರಲ್‌ಗೆ ತನ್ನಿ. ಟ್ರ್ಯಾಕ್ಟರ್ ಕರೆಸಿ, ಹಗ್ಗ ಹಾಕಿ ಹೊರಗೆ ಎಳೆಸಿ. ನೀರು ಏರುತ್ತಿದ್ದರೆ ಗಾಡಿ ಬಿಟ್ಟು ಮೊದಲು ಜನ ದಡಕ್ಕೆ ಬನ್ನಿ.

ಮೊದಲ ಪ್ರಶ್ನೆ: ಫಿಲ್ಟರ್ ಒದ್ದೆಯೋ ಒಣಗಿದೆಯೋ?

ದಡಕ್ಕೆ ಬಂದ ಮೇಲೆ ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬ ಬಿಚ್ಚಿ. ಬೇರೆ ಏನನ್ನೂ ಮುಟ್ಟುವ ಮುಂಚೆ ಇದನ್ನೇ ನೋಡಿ. ಫಿಲ್ಟರ್ ಕಾಗದದ ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ಮುಟ್ಟಿ. ಡಬ್ಬದ ತಳವನ್ನು ಬಟ್ಟೆಯಿಂದ ಒರೆಸಿ. ಫಿಲ್ಟರ್ ಆದ ಮೇಲಿನ, ಎಂಜಿನ್ ಕಡೆಗೆ ಹೋಗುವ ರಬ್ಬರ್ ಪೈಪಿನ ಒಳಗೂ ಬೆರಳು ಆಡಿಸಿ.

ಡಬ್ಬದ ತಳದಲ್ಲಿ ನಾಲ್ಕು ಹನಿ ಇದ್ದು ಕಾಗದ ಒಣಗಿದ್ದರೆ ಗಾಬರಿ ಬೇಡ. ಮಳೆಯಲ್ಲಿ ಓಡಿದ ಗಾಡಿಯಲ್ಲೂ ಅಷ್ಟು ಇರುತ್ತದೆ. ಕಾಗದ ಮೆತ್ತಗಾಗಿ ಕೆಸರಿನ ಬಣ್ಣಕ್ಕೆ ತಿರುಗಿದ್ದರೆ, ಅಥವಾ ಆಚೆ ಪೈಪಿನಲ್ಲಿ ನೀರು ಸಿಕ್ಕರೆ, ಎಂಜಿನ್ ನೀರು ಕುಡಿದಿದೆ ಅಂತಲೇ ಲೆಕ್ಕ.

ಕುಡಿದಿದ್ದರೆ ಡೀಸೆಲ್‌ನಲ್ಲಿ ಹೀಟರ್ ಪ್ಲಗ್ಗುಗಳನ್ನು, ಅವು ಇಲ್ಲದ ಎಂಜಿನ್ನಿನಲ್ಲಿ ನಾಜಲ್‌ಗಳನ್ನು ಬಿಚ್ಚಬೇಕು. ಪೆಟ್ರೋಲ್‌ನಲ್ಲಿ ಸ್ಪಾರ್ಕ್ ಪ್ಲಗ್. ಆಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಸಲೀಸಾಗಿ ತಿರುಗಿದರೆ ಡೀಸೆಲ್ ಅಥವಾ ಪೆಟ್ರೋಲ್ ಬರದ ಹಾಗೆ ಮಾಡಿ, ಆಗ ಸೆಲ್ಫ್ ಹೊಡೆಯಬಹುದು. ತೂತುಗಳಿಂದ ನೀರು ಚಿಲ್ ಅಂತ ಹಾರುತ್ತದೆ, ಮುಖ ಆ ಕಡೆ ಇಡಬೇಡಿ. ನೀರು ನಿಂತ ಮೇಲೆ ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಸಿ. ಒಂದು ಸಿಲಿಂಡರ್ ಮಾತ್ರ ಉಳಿದ ಮೂರಕ್ಕಿಂತ ಕಮ್ಮಿ ತೋರಿಸಿದರೆ ಅದರ ರಾಡ್ ಬಾಗಿ ಗಿಡ್ಡ ಆಗಿರಬಹುದು. ಇಂಥ ಎಂಜಿನ್ ಸ್ಟಾರ್ಟ್ ಆಗುತ್ತದೆ, ಸ್ವಲ್ಪ ದಿನ ಓಡುತ್ತದೆ ಕೂಡ. ಆಮೇಲೆ ಒಂದು ದಿನ ರಸ್ತೆಯಲ್ಲಿ ಮುರಿಯುತ್ತದೆ. ಹಾಗಾಗಿ "ಸ್ಟಾರ್ಟ್ ಆಯ್ತಲ್ಲ" ಅಂತ ಸುಮ್ನೆ ಬಿಡಬೇಡಿ.

ಕೈಯಿಂದ ತಿರುಗಿಸುವಾಗ ಒಂದೇ ಜಾಗದಲ್ಲಿ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ. ಬಲ ಹಾಕಬೇಡಿ. ಎಂಜಿನ್ ಬಿಚ್ಚಿಸಲೇಬೇಕು. ಡಿಪ್‌ಸ್ಟಿಕ್ ಕೂಡ ಎಳೆದು ನೋಡಿ. ಆಯಿಲ್ ಮಟ್ಟ ಮೊದಲಿಗಿಂತ ಮೇಲಿದ್ದರೆ ಅಥವಾ ಬೂದು-ಬಿಳಿ ಆಗಿದ್ದರೆ ಸ್ಟಾರ್ಟ್ ಮಾಡುವ ಮುಂಚೆಯೇ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಾಯಿಸಿ.

ಫಿಲ್ಟರ್ ಒಣಗಿದ್ದರೆ

ನಮ್ಮ ಜೀಪಿನ ಫಿಲ್ಟರ್ ಗರಿಗರಿಯಾಗಿತ್ತು. ಆಯಿಲ್ ಸರಿ ಇತ್ತು. ಸೈಲೆನ್ಸರ್ ಬಾಯಿ ನೀರಿನಲ್ಲಿ ಮುಳುಗಿದ್ದರಿಂದ ಆ ಕಡೆಯಿಂದ ಏನಾದರೂ ಬಂದಿರಬಹುದು ಅಂತ ಪಾನಾ ಹಾಕಿ ಎರಡು ಸುತ್ತು ತಿರುಗಿಸಿದೆವು. ಏನೂ ತಡೆಯಲಿಲ್ಲ. ಹಾಗಾದರೆ ನಿಂತದ್ದು ಯಾಕೆ?

ಹಳೇ ಡೀಸೆಲ್ ಎಂಜಿನ್ ಓಡಲು ಬೇಕಾದದ್ದು ಎರಡೇ, ಗಾಳಿ ಮತ್ತು ಡೀಸೆಲ್. ಗಾಳಿಯ ದಾರಿ ಸರಿ ಇದೆ ಅಂದ ಮೇಲೆ ಡೀಸೆಲ್ ನಿಂತಿದೆ. ಇಂಥ ಹಲವು ಗಾಡಿಗಳಲ್ಲಿ ಡೀಸೆಲ್ ಪಂಪಿನ ಮೇಲೆ ಒಂದು ಸಾಲೆನಾಯ್ಡ್, ಅಂದರೆ ಕರೆಂಟಿನಿಂದ ನಡೆಯುವ ವಾಲ್ವ್, ಇರುತ್ತದೆ. ಕೀ ಆನ್ ಇದ್ದಾಗ ಅದಕ್ಕೆ ಕರೆಂಟ್ ಬರುತ್ತದೆ, ಡೀಸೆಲ್ ದಾರಿ ತೆರೆದಿರುತ್ತದೆ. ಕರೆಂಟ್ ಹೋದರೆ ದಾರಿ ಮುಚ್ಚುತ್ತದೆ. ಎಂಜಿನ್ ಒಂದೇ ಸಲಕ್ಕೆ ಬಂದ್ ಆಗುವುದು ಇದರ ಗುರುತು. ನೀರು ಕುಡಿದ ಎಂಜಿನ್ ಸಾಮಾನ್ಯವಾಗಿ ಒದ್ದಾಡಿ, ಧಡ್ ಅಂತ ಸದ್ದು ಮಾಡಿ ನಿಲ್ಲುತ್ತದೆ.

ಸೆಲ್ಫ್ ಹೊಡೆಯದೆ ಕೀ ಮಾತ್ರ ಆನ್ ಮಾಡಿದೆ. ಪಂಪಿನ ಕಡೆಯಿಂದ 'ಟಕ್' ಅಂತ ಒಂದು ಸಣ್ಣ ಸದ್ದು ಬರಬೇಕು. ಬರಲಿಲ್ಲ. ಟೆಸ್ಟ್ ಲ್ಯಾಂಪ್ ಹಿಡಿದರೆ ವೈರಿನಲ್ಲಿ ಕರೆಂಟ್ ಇಲ್ಲ. ಫ್ಯೂಸ್ ಸುಟ್ಟಿತ್ತು. ಹೊಸ ಫ್ಯೂಸ್ ಹಾಕುವ ಮುಂಚೆ ವೈರಿನ ಜೊತೆಗೇ ಬೆರಳು ಓಡಿಸಿಕೊಂಡು ಹೋದೆ. ಫೈರ್‌ವಾಲಿನ (ಎಂಜಿನ್ನಿಗೂ ಸೀಟಿಗೂ ನಡುವಿನ ತಗಡಿನ ಗೋಡೆ) ಹತ್ತಿರ ಯಾವತ್ತೋ ಟೇಪ್ ಸುತ್ತಿದ್ದ ಒಂದು ಜಾಯಿಂಟ್. ಟೇಪ್ ಜಾರಿ, ತಾಮ್ರ ಬಾಡಿಗೆ ಒರೆಸುವಷ್ಟು ಹತ್ತಿರ ಇತ್ತು. ಎಂಜಿನ್ ಫ್ಯಾನ್ ನೀರನ್ನು ಎರಚಿ ಅದನ್ನು ಪೂರ್ತಿ ತೋಯಿಸಿತ್ತು. ಒರೆಸಿ, ಹೊಸದಾಗಿ ಸುತ್ತಿ, ಫ್ಯೂಸ್ ಹಾಕಿದ ಕೂಡಲೇ 'ಟಕ್' ಅಂತು. ಗಾಡಿ ಸ್ಟಾರ್ಟ್ ಆಯ್ತು.

ಹಳೇ ಪೆಟ್ರೋಲ್ ಗಾಡಿಯಲ್ಲಿ ಫಿಲ್ಟರ್ ಒಣಗಿದ್ದೂ ನಿಂತರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗಿನ ತೇವ ಒರೆಸಿ, ಪ್ಲಗ್ ವೈರುಗಳನ್ನು ಒಣಗಿಸಿ. ನೂರಕ್ಕೆ ತೊಂಬತ್ತು ಸಲ ಅಷ್ಟೇ. ಹೊಸ ಗಾಡಿಯಲ್ಲಿ ಸೆನ್ಸರ್‌ಗಳು ಜಾಸ್ತಿ. ಯಾವುದೇ ಒಂದು ಕನೆಕ್ಟರ್‌ಗೆ ನೀರು ಹೋದರೂ ಎಂಜಿನ್ ಲೈಟ್ ಹತ್ತಿ ಶಕ್ತಿ ಕಮ್ಮಿ ಆಗಬಹುದು. ಸ್ಕ್ಯಾನರ್ ಹಾಕಿಸಿ ಕೋಡ್ ಓದಿಸಿ, ಆ ಕನೆಕ್ಟರ್ ಬಿಚ್ಚಿ ಪಿನ್ ಹಸಿರುಗಟ್ಟಿದೆಯಾ ನೋಡಿ. ಎಬಿಎಸ್ ಲೈಟ್ ಮಾತ್ರ ಹತ್ತಿದ್ದರೆ ಮೊದಲು ಚಕ್ರದ ಸೆನ್ಸರ್ ಮೇಲಿನ ಕೆಸರು ತೊಳೆಯಿರಿ.

ಬಿಸಿ ಏರಿದರೆ

ದಡ ಹತ್ತಿದ ಮೇಲೆ ಟೆಂಪರೇಚರ್ ಮುಳ್ಳು ಏರುತ್ತಿದ್ದರೆ ಗಾಡಿ ನಿಲ್ಲಿಸಿ ರೇಡಿಯೇಟರಿನ ಹಿಂಬದಿ ನೋಡಿ. ಜೋರಾಗಿ ತಿರುಗುವ ಪ್ಲಾಸ್ಟಿಕ್ ಫ್ಯಾನ್ ನೀರಿಗೆ ಸಿಕ್ಕರೆ ಎಲೆಗಳು ಮುಂದಕ್ಕೆ ಬಾಗಿ ರೇಡಿಯೇಟರನ್ನೇ ಕೊರೆಯುತ್ತವೆ. ಕಾಂಪಾಸಿನಿಂದ ಎಳೆದ ಹಾಗೆ ಗುಂಡಗೆ ಗೀರು ಕಾಣುತ್ತದೆ. ಗೀರು ಇಲ್ಲದಿದ್ದರೆ ಮುಂಬದಿಯ ಜಾಲಿಯಲ್ಲಿ ಎಲೆ, ಹುಲ್ಲು, ಕೆಸರು ತುಂಬಿದೆಯಾ ನೋಡಿ, ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟು ತೊಳೆಯಿರಿ.

ಆವತ್ತು ನಾನು ನೋಡದೆ ಬಿಟ್ಟದ್ದು

ಜೀಪು ಸ್ಟಾರ್ಟ್ ಆದ ಖುಷಿಯಲ್ಲಿ ಮನೆಗೆ ಬಂದೆವು. ಮೂರು ವಾರ ಆದ ಮೇಲೆ ಹಿಂದಿನಿಂದ ಒಂದು ಗುಂಯ್ ಸದ್ದು ಶುರುವಾಯ್ತು. ನಲವತ್ತರ ವೇಗದಲ್ಲಿ ಜಾಸ್ತಿ, ಆಕ್ಸಲರೇಟರ್ ಬಿಟ್ಟರೆ ಸದ್ದಿನ ರೀತಿ ಬದಲಾಗುತ್ತಿತ್ತು. ಅದು ಡಿಫರೆನ್ಶಿಯಲ್, ಅಂದರೆ ಆಕ್ಸಲ್ ನಡುವಿನ ಗೇರುಗಳು, ಅಂತ ಅನುಮಾನ ಬಂತು. ಗಾಡಿಯನ್ನು ರಾತ್ರಿಯಿಡೀ ಸಮನೆಲದಲ್ಲಿ ನಿಲ್ಲಿಸಿದೆ. ಬೆಳಿಗ್ಗೆ ಗಾಡಿಯ ಅಡಿಗೆ ಹೋಗಿ ಹಿಂದಿನ ಹೌಸಿಂಗಿನ (ಆ ಗೇರುಗಳು ಆಯಿಲ್‌ನಲ್ಲಿ ಕೂತಿರುವ ಕಬ್ಬಿಣದ ಡಬ್ಬ) ಡ್ರೈನ್ ನಟ್ಟನ್ನು ಪೂರ್ತಿ ಬಿಚ್ಚದೆ ಸಡಿಲ ಮಾಡಿದೆ. ಮೊದಲು ದಾರದ ಹಾಗೆ ತೆಳ್ಳಗೆ ನೀರು ಬಂತು. ನೀರು ಭಾರ, ಕೆಳಗೆ ಕೂತಿರುತ್ತದೆ. ಅದರ ಹಿಂದೆ ಆಯಿಲ್ ಬಂತು, ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ. ಬೆರಳಿಗೆ ಹಚ್ಚಿ ಉಜ್ಜಿದರೆ ಜಿಡ್ಡೇ ಇಲ್ಲ, ಒಳಗೆ ಸಣ್ಣ ಮರಳಿನ ಹಾಗೆ ಕಬ್ಬಿಣದ ಪುಡಿ. ಬೇರಿಂಗ್ ಹೋಗಿತ್ತು. ನೀರಿನಲ್ಲಿ ನಿಂತದ್ದಕ್ಕೆ ಒಂದು ಫ್ಯೂಸ್ ಖರ್ಚು. ಇದಕ್ಕೆ ಬೇರಿಂಗ್, ಸೀಲ್, ಆಯಿಲ್, ಎರಡು ದಿನದ ಕೂಲಿ.

ನೀರು ಒಳಗೆ ಹೋದದ್ದು ಹೇಗೆ ಅಂತ ತಿಳಿಯುವುದು ಮುಖ್ಯ, ಯಾಕೆಂದರೆ ಸೀಲ್ ಮಾತ್ರ ಬದಲಾಯಿಸಿದರೆ ಮುಂದಿನ ಮಳೆಗೆ ಮತ್ತೆ ಅದೇ. ಓಡಿ ಬಂದ ಗಾಡಿಯ ಹೌಸಿಂಗ್ ಬಿಸಿ ಇರುತ್ತದೆ. ಒಳಗಿನ ಗಾಳಿಯೂ ಬಿಸಿ. ಹಳ್ಳದ ತಣ್ಣೀರಿಗೆ ಇಳಿದ ಕೂಡಲೇ ಗಾಳಿ ಕುಗ್ಗುತ್ತದೆ. 70 ಡಿಗ್ರಿಯಿಂದ 25ಕ್ಕೆ ಇಳಿದರೆ ಹೆಚ್ಚುಕಮ್ಮಿ ಎಂಟನೇ ಒಂದು ಭಾಗ ಕುಗ್ಗುತ್ತದೆ. ಆ ಖಾಲಿ ತುಂಬಲು ಹೌಸಿಂಗ್ ಹೊರಗಿನಿಂದ ಎಳೆದುಕೊಳ್ಳುತ್ತದೆ. ಅದಕ್ಕೆ ಅಂತಲೇ ಮೇಲೆ ಒಂದು ಬ್ರೀದರ್, ಅಂದರೆ ಗಾಳಿ ಆಡುವ ಸಣ್ಣ ತೂತು, ಕೊಟ್ಟಿರುತ್ತಾರೆ. ಬ್ರೀದರ್ ನೀರಿನಲ್ಲಿ ಮುಳುಗಿದ್ದರೆ ಅದರಿಂದಲೇ ನೀರು. ಕೆಸರಿನಿಂದ ಕಟ್ಟಿಕೊಂಡಿದ್ದರೆ ಆಯಿಲ್ ಸೀಲಿನ ತುಟಿಯ ಸಂದಿಯಿಂದ ನೀರು. ಆಯಿಲ್ ಹೊರಗೆ ಹೋಗದಂತೆ ಮಾಡಿದ ಸೀಲ್ ಅದು, ಹೊರಗಿನ ನೀರನ್ನು ತಡೆಯುವ ಬಲ ಅದಕ್ಕೆ ಅಷ್ಟಿಲ್ಲ. ನಮ್ಮದು ಕಟ್ಟಿಕೊಂಡಿತ್ತು. ಮುಚ್ಚಳವನ್ನು ಬೆರಳಿನಿಂದ ತಿರುಗಿಸಿದರೆ ಅಲುಗಾಡುತ್ತಿರಲಿಲ್ಲ, ಒಳಗೆ ಮಣ್ಣು ಇಟ್ಟಿಗೆ ಹಾಗೆ ಗಟ್ಟಿಯಾಗಿತ್ತು.

ತಯಾರಿ: ಇಳಿಯುವ ಮುಂಚೆ ಮಾಡಿಕೊಳ್ಳುವುದು

ಹಾಗಾಗಿ ತಯಾರಿ ಅಂದರೆ ನನಗೆ ಮೊದಲು ನೆನಪಾಗುವುದು ಈ ಬ್ರೀದರ್. ಹೆಚ್ಚಿನವರು ಸ್ನಾರ್ಕೆಲ್ ಬಗ್ಗೆ ಕೇಳುತ್ತಾರೆ. ಸ್ನಾರ್ಕೆಲ್ ಹಾಕಿದರೂ ಹೌಸಿಂಗ್ ನೀರು ಕುಡಿಯುವುದು ತಪ್ಪುವುದಿಲ್ಲ. ಮುಂದಿನ ಹೌಸಿಂಗ್, ಹಿಂದಿನ ಹೌಸಿಂಗ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಬ್ಬ), ಈ ನಾಲ್ಕಕ್ಕೂ ಬ್ರೀದರ್ ಎಲ್ಲಿದೆ ಅಂತ ಹುಡುಕಿ. ಕೆಲವು ಗಾಡಿಗಳಲ್ಲಿ ಕಂಪನಿಯವರೇ ಪೈಪ್ ಹಾಕಿ ಮೇಲೆ ತಂದಿರುತ್ತಾರೆ. ಇಲ್ಲದಿದ್ದರೆ ಡೀಸೆಲ್ ತಾಗಿದರೂ ಕೆಡದ ರಬ್ಬರ್ ಪೈಪ್ ತೆಗೆದುಕೊಂಡು ನಿಪ್ಪಲ್‌ಗೆ ಸರಿಯಾಗಿ ಕೂರುವ ಅಳತೆಯಲ್ಲಿ ಕ್ಲಿಪ್ ಹಾಕಿ, ಬಾನೆಟ್ ಒಳಗೆ ಫೈರ್‌ವಾಲಿನ ಮೇಲ್ತುದಿಯವರೆಗೆ ತನ್ನಿ. ತುದಿಯ ಬಾಯಿ ಕೆಳಮುಖ ಇರಲಿ. ಅದಕ್ಕೆ ಬೈಕಿನ ಸಣ್ಣ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿದರೆ ಧೂಳೂ ಹೋಗುವುದಿಲ್ಲ. ಆಕ್ಸಲ್ ಮೇಲೆ ಕೆಳಗೆ ಆಡುತ್ತದಲ್ವಾ, ಅಲ್ಲಿ ಪೈಪ್ ಸ್ವಲ್ಪ ಸಡಿಲ ಬಿಡಿ. ಎಲ್ಲೂ ಮಡಚಬಾರದು, ನೀರು ನಿಲ್ಲುವ ಹಾಗೆ ಜೋತುಬೀಳಬಾರದು. ಪೈಪ್ ಹಾಕದಿದ್ದರೂ ಒಂದು ಕೆಲಸ ಮಾಡಬಹುದು: ದಡದಲ್ಲಿ ಹತ್ತು ಹದಿನೈದು ನಿಮಿಷ ಗಾಡಿ ನಿಲ್ಲಿಸಿ ಹೌಸಿಂಗ್ ಆರಲು ಬಿಡಿ.

ಎರಡನೆಯದು ಗಾಳಿ ಒಳಗೆ ಹೋಗುವ ಬಾಯಿ. ಫಿಲ್ಟರ್ ಡಬ್ಬ ಎತ್ತರದಲ್ಲಿ ಇದೆ ಅಂತ ನಂಬಬೇಡಿ. ಡಬ್ಬದಿಂದ ಹೊರಡುವ ಪೈಪನ್ನು ಹಿಡಿದು ತುದಿಯವರೆಗೆ ಹೋಗಿ. ಎಷ್ಟೋ ಗಾಡಿಗಳಲ್ಲಿ ಅದು ಹೆಡ್‌ಲೈಟಿನ ಹಿಂದೆ ಅಥವಾ ಮಡ್‌ಗಾರ್ಡ್ ಒಳಗೆ ಇಳಿದಿರುತ್ತದೆ. ಆ ಬಾಯಿ ನೆಲದಿಂದ ಎಷ್ಟು ಎತ್ತರ ಅಂತ ಟೇಪ್ ಹಿಡಿದು ಅಳೆದು, ಅಷ್ಟೇ ಎತ್ತರಕ್ಕೆ ಬಾಗಿಲ ಮೇಲೆ ಒಂದು ಗುರುತು ಹಾಕಿಕೊಳ್ಳಿ. ಡಬ್ಬದ ತಳದಲ್ಲಿ ನೀರು ಇಳಿಯಲು ಕೊಟ್ಟ ರಬ್ಬರ್ ವಾಲ್ವ್ ಹರಿದಿದ್ದರೆ ನೀರು ಅದೇ ದಾರಿಯಲ್ಲಿ ಮೇಲೆ ಬರುತ್ತದೆ, ಬದಲಾಯಿಸಿ.

ಎಷ್ಟು ಆಳ? 2020ರ ನಂತರದ ಮಹೀಂದ್ರಾ ಥಾರ್‌ಗೆ ಕಂಪನಿ ಹೇಳುವುದು 650 ಮಿಮೀ, ಫೋರ್ಸ್ ಗೂರ್ಖಾಕ್ಕೆ 700. ಗೂರ್ಖಾಕ್ಕೆ ಸ್ನಾರ್ಕೆಲ್ ಕಂಪನಿಯಿಂದಲೇ ಬರುತ್ತದೆ. ಈ ಅಳತೆ ಸುಸ್ಥಿತಿಯ ಗಾಡಿ, ನಿಧಾನ ಹೋಗುವ ಡ್ರೈವರ್, ಗಟ್ಟಿ ತಳ ಇದ್ದಾಗಿನದ್ದು. ಪುಸ್ತಕದಲ್ಲಿ ಅಳತೆ ಕೊಡದ ಹಳೇ ಗಾಡಿಗೆ ನಾನು ಇಟ್ಟುಕೊಂಡದ್ದು ಚಕ್ರದ ನಡುಮಧ್ಯ. ಅದಕ್ಕಿಂತ ಮೇಲೆ ಹೋದರೆ ಈ ತಯಾರಿ ಪೂರ್ತಿ ಆಗಿರಲೇಬೇಕು. ಹರಿಯುವ ನೀರಿಗೆ ಈ ಯಾವ ಲೆಕ್ಕವೂ ನಡೆಯುವುದಿಲ್ಲ. ರಭಸದ ನೀರು ಒಂದು ಅಡಿ ಇದ್ದರೆ ಸಣ್ಣ ಕಾರನ್ನು, ಎರಡು ಅಡಿ ಇದ್ದರೆ ಜೀಪಿನಂಥ ಗಾಡಿಯನ್ನೂ ಒಯ್ಯಬಹುದು. ಸೆಳೆತ ಇಲ್ಲ ಅಂತ ಕಣ್ಣಿಗೆ ಕಂಡ ಮೇಲೆಯೇ ಕೋಲು ಹಿಡಿದು ನಡೆದು ತಳ ನೋಡಿ. ನಡೆಯಲು ಭಯ ಆಗುವ ನೀರಿಗೆ ಗಾಡಿ ಇಳಿಸಬೇಡಿ.

ಫ್ಯಾನ್ ಎಲೆಕ್ಟ್ರಿಕ್ ಆಗಿದ್ದರೆ ದಾಟುವ ಮುಂಚೆ ಅದರ ಫ್ಯೂಸ್ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಿ, ಆಚೆ ದಡದಲ್ಲಿ ಮೊದಲು ಅದನ್ನೇ ಹಾಕಿ. ಬೆಲ್ಟ್ ಫ್ಯಾನ್ ಇರುವ ಹಳೇ ಜೀಪಿನಲ್ಲಿ ಬೆಲ್ಟ್ ಬಿಚ್ಚುವ ರೂಢಿ ಇದೆ. ಆದರೆ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತಿದ್ದರೆ ದಾಟುವ ನಾಲ್ಕು ನಿಮಿಷಕ್ಕಿಂತ ಜಾಸ್ತಿ ಹಾಗೆ ಓಡಿಸಬಾರದು. ನಾವು ಈಗ ಮಾಡುವುದು ಮುಂದಿನ ಗ್ರಿಲ್‌ಗೆ ಒಂದು ಟಾರ್ಪಾಲ್ ಕಟ್ಟುವುದು. ಗಾಡಿ ಮುಂದೆ ಹೋಗುತ್ತಿರುವಷ್ಟು ಹೊತ್ತು ನೀರು ಅಲೆಯಾಗಿ ಮುಂದೆಯೇ ಉಳಿಯುತ್ತದೆ, ಎಂಜಿನ್ ಜಾಗದಲ್ಲಿ ಮಟ್ಟ ಇಳಿಯುತ್ತದೆ. ನಿಂತರೆ ಆ ಲಾಭ ಹೋಯ್ತು. ದಾಟಿದ ಕೂಡಲೇ ಟಾರ್ಪಾಲ್ ಬಿಚ್ಚಿ, ಇಲ್ಲದಿದ್ದರೆ ಎಂಜಿನ್ ಬಿಸಿ ಏರುತ್ತದೆ.

ವೈರುಗಳಿಗೆ ಟೇಪ್ ಸಾಕಾಗುವುದಿಲ್ಲ ಅಂತ ನಮ್ಮ ಫ್ಯೂಸ್ ತೋರಿಸಿಕೊಟ್ಟಿತು. ಹಳೇ ಜಾಯಿಂಟುಗಳನ್ನು ಬೆಸುಗೆ ಹಾಕಿಸಿ ಹೀಟ್ ಶ್ರಿಂಕ್ ತೋಳು ಹಾಕಿಸಿ. ಕನೆಕ್ಟರ್‌ಗಳಿಗೆ ಸಿಲಿಕೋನ್ ಗ್ರೀಸ್ ಹಚ್ಚಿ. ಬೇರಿಂಗಿಗೆ ಹಾಕುವ ಸಾದಾ ಗ್ರೀಸ್ ರಬ್ಬರ್ ಸೀಲುಗಳನ್ನು ಉಬ್ಬಿಸಬಹುದು, ಅದು ಬೇಡ.

ದಾಟುವಾಗ ಫೋರ್ ಲೋ (ನಾಲ್ಕೂ ಚಕ್ರಕ್ಕೆ ಶಕ್ತಿ, ನಿಧಾನ ವೇಗದ ಗೇರ್), ಮೊದಲ ಅಥವಾ ಎರಡನೇ ಗೇರ್, ನಡೆಯುವ ವೇಗ. ನೀರಿನ ಒಳಗೆ ಕ್ಲಚ್ ಒತ್ತಬೇಡಿ, ಗೇರ್ ಬದಲಾಯಿಸಬೇಡಿ. ಕ್ಲಚ್ ಒತ್ತಿದರೆ ಪ್ಲೇಟುಗಳ ನಡುವೆ ಕೆಸರುನೀರು ನುಗ್ಗಿ, ಎಂಜಿನ್ ಕಿರುಚುತ್ತದೆ, ಗಾಡಿ ಎಳೆಯುವುದಿಲ್ಲ. ಹಳೇ ಲ್ಯಾಂಡ್ ರೋವರ್‌ಗಳಲ್ಲಿ ಫ್ಲೈವೀಲ್ ಹೌಸಿಂಗಿನ ತಳದ ತೂತಿಗೆ ಹಾಕಲು ಒಂದು ಪ್ಲಗ್ಗನ್ನೇ ಕೊಡುತ್ತಿದ್ದರು. ನಿಮ್ಮ ಗಾಡಿಯಲ್ಲಿ ಅಂಥದ್ದು ಇದ್ದರೆ ದಾಟುವಾಗ ಹಾಕಿ, ದಾಟಿದ ಮೇಲೆ ಮರೆಯದೆ ತೆಗೆಯಿರಿ. ಅಲ್ಲಿಗೆ ಸೋರಿದ ಆಯಿಲ್ ಹೊರಗೆ ಬರಬೇಕಾದ ದಾರಿ ಅದೇ.

ಇನ್ಶೂರೆನ್ಸ್ ಬಗ್ಗೆ ಒಂದು ಮಾತು. ನೀರು ಕುಡಿದ ಎಂಜಿನ್ನಿನ ರಿಪೇರಿ ಸಾಮಾನ್ಯ ಪಾಲಿಸಿಯಲ್ಲಿ ಹೆಚ್ಚಾಗಿ ಸಿಗುವುದಿಲ್ಲ, ಎಂಜಿನ್ ಪ್ರೊಟೆಕ್ಷನ್ ಅಂತ ಬೇರೆ ಸೇರಿಸಿರಬೇಕು. ಮಳೆಗಾಲದ ಮುಂಚೆ ನಿಮ್ಮ ಪಾಲಿಸಿ ತೆಗೆದು ಓದಿ.

ದಾಟಿದ ಮೇಲಿನ ಮೂರು ವಾರ

ದಡ ಹತ್ತಿದ ಕೂಡಲೇ ನಿಧಾನವಾಗಿ ಓಡಿಸುತ್ತಾ ಬ್ರೇಕನ್ನು ಹಗುರವಾಗಿ ನಾಲ್ಕೈದು ಸಲ ಒತ್ತಿ. ಮೊದಲ ಒತ್ತಿಗೆ ಏನೂ ಹಿಡಿಯದೆ ಇರಬಹುದು, ಬಿಸಿಯಾದ ಮೇಲೆ ಹಿಡಿಯುತ್ತದೆ. ಡ್ರಮ್ ಬ್ರೇಕ್ ಆದರೆ ಆ ವಾರವೇ ಬಿಚ್ಚಿ ಒಳಗಿನ ಮರಳು ತೊಳೆಯಿರಿ, ಕರಕರ ಸದ್ದು ಬರುವವರೆಗೆ ಕಾಯಬೇಡಿ.

ಮರುದಿನ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುಂಚೆ, ಎರಡೂ ಹೌಸಿಂಗುಗಳ ಡ್ರೈನ್ ನಟ್ ಸಡಿಲಿಸಿ ಮೊದಲ ಹನಿ ನೋಡಿ. ಜೇನಿನ ಬಣ್ಣದ ಆಯಿಲ್ ಬಂದರೆ ನಟ್ ಬಿಗಿ ಮಾಡಿ. ನೀರು ಬಂದರೆ ಅಥವಾ ಹಾಲಿನ ಬಣ್ಣ ಇದ್ದರೆ ಪೂರ್ತಿ ಆಯಿಲ್ ಇಳಿಸಿ ಹೊಸದು ಹಾಕಿ, ನೂರು ಇನ್ನೂರು ಕಿಲೋಮೀಟರ್ ಓಡಿಸಿ ಮತ್ತೊಂದು ಸಲ ನೋಡಿ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸಿಗೂ ಹೀಗೇ. ಡೀಸೆಲ್ ಫಿಲ್ಟರಿನ ಕೆಳಗಿರುವ ಸ್ಕ್ರೂ ಸಡಿಲಿಸಿ ನೀರು ಬಿಡಿ. ಎಂಜಿನ್ ತಡವರಿಸಿ ಬಿಳಿ ಹೊಗೆ ಬಿಡುತ್ತಿದ್ದರೆ ಟ್ಯಾಂಕಿಗೂ ನೀರು ಸೇರಿರಬಹುದು.

ಕ್ರಾಸ್‌ಗಳಿಗೆ (ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲ್‌ಗೆ ಹೋಗುವ ಶಾಫ್ಟಿನ ಜಾಯಿಂಟುಗಳು), ಮುಂದಿನ ಹಬ್‌ಗಳಿಗೆ ಗ್ರೀಸ್ ಹೊಡೆಸಿ, ಹಳೇ ಕೆಸರುಗ್ರೀಸ್ ಹೊರಗೆ ಬಂದು ಹೊಸದು ಕಾಣುವವರೆಗೆ. ಆಮೇಲೆ ಮೂರು ವಾರ ರೇಡಿಯೋ ಆರಿಸಿ ಓಡಿಸಿ. ವೇಗದ ಜೊತೆ ಏರುವ ಗುಂಯ್ ಸದ್ದು, ಒಂದು ಕಡೆ ಸ್ಟಿಯರಿಂಗ್ ತಿರುಗಿಸಿದಾಗ ಜಾಸ್ತಿ ಆಗಿ ಇನ್ನೊಂದು ಕಡೆಗೆ ಕಮ್ಮಿ ಆದರೆ ಅದು ಚಕ್ರದ ಬೇರಿಂಗ್. ತಿರುವಿಗೆ ಬದಲಾಗದೆ ಆಕ್ಸಲರೇಟರಿಗೆ ಬದಲಾದರೆ ಹೌಸಿಂಗ್, ಅವತ್ತೇ ನಟ್ ಬಿಚ್ಚಿ ನೋಡಿ.